ನೀರಿನ ಗುರುತು

ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಅಲ್ಲಿಗೆ ನಾವು ಹೋದ್ರೆ ಬದುಕ್ತೀವಾ?" ಎಂದು ಕೇಳಿದಳು. ಅದು 2004ರ ಜನವರಿ. ಕೆಲಮಂಗಲದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ನಾನು ವಿಜ್ಞಾನದ ಟೀಚರ್. ಆ ತಿಂಗಳು ಅಮೆರಿಕದವರು ಮಂಗಳ ಗ್ರಹದ ಮೇಲೆ ಆರಾರು ಚಕ್ರದ ಎರಡು ಬಂಡಿಗಳನ್ನು ಇಳಿಸಿದ್ದರು. ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಬೆಂಗಳೂರಿನ ಪೇಪರಿನಿಂದ ಆ ಚಿತ್ರ ಕತ್ತರಿಸಿ ಕ್ಲಾಸಿನ ಗೋಡೆಗೆ ಅಂಟಿಸಿದ್ದೆ. ಹುಡುಗಿ ಕೇಳಿದ್ದಕ್ಕೆ ನಾನು ಭಾರಿ ಗತ್ತಿನಿಂದ, ಅಲ್ಲಿ ಗಾಳಿ ತೀರಾ ತೆಳು, ಇರುವ ಗಾಳಿಯೂ ಉಸಿರಾಡುವಂಥದ್ದಲ್ಲ, ಚಳಿಯಂತೂ ಹೇಳತೀರದು, ನೆಲದ ತುಂಬ ನುಣ್ಣನೆಯ ಧೂಳು, ಹನಿ ನೀರು ಹರಿಯುವುದಿಲ್ಲ, ಆದ್ದರಿಂದ ಬದುಕುವುದಿಲ್ಲ, ಕೂತ್ಕೋ ಅಂದೆ. ಅವಳು ಕೂತಳು. ಅಷ್ಟು ಸುಲಭವಾಗಿ ಒಂದು ಜೀವದ ಬಗ್ಗೆ ತೀರ್ಪು ಕೊಟ್ಟಿದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮ ಮನೆ ತಮಿಳುನಾಡಿನ ಗಡಿಯೊಳಗಿನ ಹೊಸೂರಿನಲ್ಲಿ. ಮನೆಯಲ್ಲಿ ಮೂರೇ ಜನ: ಅಪ್ಪ, ನಾನು, ನನಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮ. ಅಮ್ಮ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪ ಮಾಲೂರು ಕಡೆಯ ಹಳ್ಳಿಯಿಂದ ಕಲ್ಲಿನ ಕೆಲಸಕ್ಕೆಂದು ಬಂದು ಇಲ್ಲೇ ನಿಂತವನು. ಬೇರಿಕೆಗೆ ಹೋಗುವ ರಸ್ತೆಯಲ್ಲಿ ಒಂದು ಗ್ರಾನೈಟ್ ಶೆಡ್ಡಿತ್ತು. ಅಲ್ಲಿ ಹೊರದೇಶಗಳಿಗೆ ಹೋಗುವ ಸಮಾಧಿಕಲ್ಲುಗಳನ್ನು ಮಾಡುತ್ತಿದ್ದರು. ಕೊಯ್ಯುವುದು, ಪಾಲಿಶ್ ಹಾಕುವುದು ದೊಡ್ಡ ಮಿಷಿನ್ನುಗಳ ಕೆಲಸ. ಕಲ್ಲಿನ ಏಣನ್ನು, ಬಾಗಿದ ಅಂಚನ್ನು ತೀಡುವುದು ಮಾತ್ರ ಕೈಯವರ ಕೆಲಸ. ಅಪ್ಪ ಕೈಯವನು. ಕೈಯಲ್ಲಿ ಹಿಡಿಯುವ ಗ್ರೈಂಡರಿನಿಂದ ಅವನು ತೀಡಿದ ಅಂಚಿನ ಮೇಲೆ ಬೆರಳಾಡಿಸಿದರೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ತಿಳಿಯುತ್ತಿರಲಿಲ್ಲ. ಶೆಡ್ಡಿನಲ್ಲಿ ಅದಕ್ಕೆ 'ಮೇಸ್ತ್ರಿ ಗೆರೆ' ಎಂದೇ ಹೆಸರು ಬಿದ್ದಿತ್ತು.

ಆ ಗೆರೆಗೆ ಒಂದು ಗುಟ್ಟಿತ್ತು. ತೀಡುವ ಪ್ರತಿ ಜಾಗದಲ್ಲೂ ಒಂದು ನಲ್ಲಿ, ಅದಕ್ಕೊಂದು ಪ್ಲಾಸ್ಟಿಕ್ ಪೈಪು ಇರುತ್ತಿತ್ತು. ಕಲ್ಲಿನ ಮೇಲೆ ನೀರು ಬಿಟ್ಟುಕೊಂಡೇ ತೀಡಬೇಕು, ಪುಡಿ ಏಳದೆ ಬಗ್ಗಡವಾಗಿ ಇಳಿದುಹೋಗಬೇಕು, ಅದು ಕ್ರಮ. ಆದರೆ ಬಗ್ಗಡ ಹರಿಯುತ್ತಿದ್ದರೆ ಪೆನ್ಸಿಲಿನಲ್ಲಿ ಎಳೆದ ಗೆರೆ ಮುಚ್ಚಿಹೋಗುತ್ತದೆ, ಕೈ ಅಂದಾಜಿನ ಮೇಲೆ ಓಡಬೇಕಾಗುತ್ತದೆ. ಅಪ್ಪ ನಲ್ಲಿ ನಿಲ್ಲಿಸಿಬಿಡುತ್ತಿದ್ದ. ಒಣಗಲ್ಲನ್ನೇ ತೀಡಿ, ಬಾಯಿಂದ ಉಫ್ ಎಂದು ಊದಿ, ಗೆರೆ ನೋಡಿ, ಮತ್ತೆ ತೀಡುತ್ತಿದ್ದ. ಅವನ ಕೈ ನೋಡಿ ಕಲಿತವರೆಲ್ಲ ನಲ್ಲಿ ನಿಲ್ಲಿಸುವುದನ್ನೇ ಮೊದಲ ಪಾಠವಾಗಿ ಕಲಿತರು. ನನ್ನ ತಮ್ಮನೂ ಹಾಗೇ ಕಲಿತ.

ಸಂಜೆ ಕೆಲಸ ಬಿಡುವಾಗ ಶೆಡ್ಡಿನವರು ಒಬ್ಬೊಬ್ಬರಿಗೂ ಒಂದೊಂದು ಉಂಡೆ ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದರೆ ಗಂಟಲಿನಲ್ಲಿ ಕೂತ ಧೂಳು ಹೊಟ್ಟೆಗೆ ಇಳಿಯುತ್ತದೆಂದು ಆ ಕೆಲಸದವರ ನಂಬಿಕೆ. ಅಪ್ಪ ಅರ್ಧ ತಿಂದು ಉಳಿದರ್ಧವನ್ನು ಪೇಪರಿನಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ನನಗೆ ತರುತ್ತಿದ್ದ. ನಾನು ಹೈಸ್ಕೂಲು ಮುಗಿಸುವ ತನಕ ಒಂದು ದಿನವೂ ತಪ್ಪಿಸಲಿಲ್ಲ. ಬೆಲ್ಲಕ್ಕೂ ಪುಪ್ಪುಸಕ್ಕೂ ಸಂಬಂಧವಿಲ್ಲ ಎಂದು ಯಾರಿಗಾದರೂ ಚಿತ್ರ ಬರೆದು ತೋರಿಸಬಲ್ಲೆ, ಡಿಗ್ರಿ ಓದಿದ್ದೇನೆ. ಆದರೂ ಮುಂದೆ ಎಷ್ಟೋ ದಿನ, ಆ ಇನ್ನರ್ಧವನ್ನೂ ಅಪ್ಪನೇ ತಿಂದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ನನ್ನನ್ನು ಅರೆದುಹಾಕಿತು.

ಗೋಡೆಗೆ ಅಂಟಿಸುವ ಚಿತ್ರಗಳನ್ನು ನಾನು ಮನೆಯಲ್ಲೇ ಕತ್ತರಿಸುತ್ತಿದ್ದೆ. ಒಂದು ಭಾನುವಾರ ಅಪ್ಪ ಅವುಗಳಲ್ಲಿ ಒಂದನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದ. ಮಂಗಳದ ಬಂಡಿ ತನ್ನ ಕೈ ಚಾಚಿ ಒಂದು ಬಂಡೆಯ ಮೇಲೆ ತೀಡಿದ್ದ ಚಿತ್ರ. ಕಂದುಬಣ್ಣದ ಕಲ್ಲಿನ ನಡುವೆ ಕಾಸಿನಗಲದ ಗುಂಡನೆಯ ಗುರುತು, ಅದರ ಸುತ್ತ ಪುಡಿ ಚೆಲ್ಲಿತ್ತು.

"ಇದನ್ನ ಯಾರು ತೀಡಿದ್ದು?"

"ಮಿಷಿನ್ ಕಣಪ್ಪ. ಕಲ್ಲಿನೊಳಗೆ ಹಿಂದೆ ನೀರಿತ್ತಾ ಅಂತ ನೋಡಕ್ಕೆ ಮೇಲಿನ ಪದರ ತೆಗೆದವ್ರೆ."

"ಕೈ ಚೆನ್ನಾಗೈತೆ. ಅಂಚು ಒಡೆದಿಲ್ಲ," ಅಂದ. ಆಮೇಲೆ ಪುಡಿಯ ಮೇಲೆ ಬೆರಳಿಟ್ಟು, "ಒಣಗ್ಲೇ ತೀಡವ್ನೆ ನನ್ನಂಗೆ," ಎಂದು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನೀರು ತಂದುಕೊಟ್ಟೆ, ಬೆನ್ನು ನೀವಿದೆ, ಮತ್ತೆ ಕತ್ತರಿ ಹಿಡಿದು ಕೂತೆ.

ಅಂದಿನಿಂದ ಆ ಬಂಡಿ ಅಪ್ಪನಿಗೆ ನೆಂಟನಾಯಿತು. ಎರಡರಲ್ಲಿ ಒಂದನ್ನು ತನ್ನದೆಂದು ಆರಿಸಿಕೊಂಡ. ಅದು ತೊಂಬತ್ತು ದಿನ ಬಾಳಿದರೆ ಸಾಕೆಂದು ಮಾಡಿದ್ದ ಬಂಡಿ. ನೂರಾಯಿತು, ವರ್ಷವಾಯಿತು, ಎರಡು ವರ್ಷವಾಯಿತು. ನಾನು ವಾರಕ್ಕೊಮ್ಮೆ ಬಸ್‌ಸ್ಟ್ಯಾಂಡಿನ ಹತ್ತಿರದ ಬ್ರೌಸಿಂಗ್ ಸೆಂಟರಿಗೆ ಹೋಗಿ ಸುದ್ದಿ ಓದಿ ಬಂದು ಹೇಳುತ್ತಿದ್ದೆ. ಈ ನಡುವೆ ಅಪ್ಪನಿಗೆ ಎರಡು ಸಲ ಕ್ಷಯವೆಂದು ಮಾತ್ರೆ ನುಂಗಿಸಿದರು. ಮಾತ್ರೆಗೆ ಮೂತ್ರ ಕೆಂಪಾಯಿತು, ಕೆಮ್ಮು ಅಲ್ಲೇ ಉಳಿಯಿತು. 2006ರ ಬೇಸಿಗೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಅಪ್ಪನ ಕೈ ಬೆರಳುಗಳನ್ನು ತಿರುಗಿಸಿ ನೋಡಿ, ಏನು ಕೆಲಸ ಎಂದು ಮೊದಲ ಬಾರಿಗೆ ಕೇಳಿದರು. ಅದುವರೆಗೆ ಒಬ್ಬರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ, ನನಗೂ ಸೇರಿ.

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಎರಡೂ ಪುಪ್ಪುಸಗಳ ಮೇಲುಭಾಗದಲ್ಲಿ ರವೆ ಚೆಲ್ಲಿದಂತೆ ಬಿಳಿ ಚುಕ್ಕಿಗಳು, ಕೆಲವು ಕಡೆ ಅವು ಕೂಡಿಕೊಂಡು ಗಟ್ಟಿಯಾಗಿದ್ದವು. ಇದು ಸಿಲಿಕಾ, ಕಲ್ಲಿನ ಪುಡಿ, ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಇದಕ್ಕೆ ಔಷಧಿಯಿಲ್ಲ ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಅಪ್ಪ ಕೇಳಿಸಿಕೊಂಡು, "ಕೆಲಸಕ್ಕೆ ಹೋಗ್ಬೋದಾ?" ಎಂದು ಕೇಳಿದ. ಡಾಕ್ಟರು ನನ್ನ ಮುಖ ನೋಡಿದರು. ನಾನು ಅಪ್ಪನನ್ನು ಕರೆದುಕೊಂಡು ಹೊರಗೆ ಬಂದೆ. ಮೆಟ್ಟಿಲಿಳಿಯುವಾಗ ನನ್ನ ತಲೆಯಲ್ಲಿದ್ದದ್ದು ಅಪ್ಪನಲ್ಲ, ತಮ್ಮ. ಅವನಿಗೆ ಇಪ್ಪತ್ತನಾಲ್ಕು. ನಾಲ್ಕು ವರ್ಷದಿಂದ ಅದೇ ಶೆಡ್ಡಿನಲ್ಲಿ, ಅಪ್ಪನ ಪಕ್ಕದ ಜಾಗದಲ್ಲಿ, ನಲ್ಲಿ ನಿಲ್ಲಿಸಿಕೊಂಡು ತೀಡುತ್ತಿದ್ದ.

ಅವತ್ತಿನಿಂದ ನಮ್ಮ ಮನೆಯಲ್ಲಿ ನಡೆದದ್ದು ಅದೊಂದೇ ಜಗಳ. ಕೆಲಸ ಬಿಡು ಅಂದೆ. ಬೇರೆ ಏನು ಗೊತ್ತು ನಂಗೆ ಅಂದ. ಫ್ಯಾಕ್ಟರಿಗೆ ಸೇರು ಅಂದೆ. ಯಾರೋ ಮಾಡಿಟ್ಟ ಬೋಲ್ಟನ್ನ ದಿನವೆಲ್ಲ ತಿರುಗಿಸ್ಲಾ ಅಂದ. ಹಾಗಾದರೆ ನೀರಾದರೂ ಬಿಟ್ಟುಕೋ ಅಂದೆ. ಅದಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. ಒಂದು ಸಲ ಅವನ ಊಟದ ಡಬ್ಬಿಯನ್ನು ಬೀದಿಗೆ ಎಸೆದಿದ್ದೇನೆ. ಅವನು ಅದನ್ನು ಎತ್ತಿಕೊಂಡು, ಒರೆಸಿಕೊಂಡು ಕೆಲಸಕ್ಕೇ ಹೋದ. ಗೋಡೆಗೆ ಒರಗಿ ಕೂತಿದ್ದ ಅಪ್ಪ ತುಟಿ ಬಿಚ್ಚಲಿಲ್ಲ. ಅವನು ಮಾತಾಡದೆ ಇದ್ದದ್ದು ನನಗೆ ತಮ್ಮನ ಹಟಕ್ಕಿಂತ ಹೆಚ್ಚು ಉರಿ ತರಿಸುತ್ತಿತ್ತು.

ಅದೇ ವರ್ಷ ಮಂಗಳದ ಬಂಡಿಯ ಮುಂದಿನ ಒಂದು ಚಕ್ರ ಕೆಟ್ಟುನಿಂತಿತು. ನಾನು ಬಂದು ಹೇಳಿದಾಗ ಅಪ್ಪ ಕಲ್ಲು ಸಾಗಿಸುವ ಟ್ರಾಲಿಯ ಲೆಕ್ಕದಲ್ಲಿ ಯೋಚಿಸಿದ. "ಹಿಂದುಮುಂದಾಗಿ ಓಡಿಸ್ಬೇಕು. ಕೆಟ್ಟ ಗಾಲಿನ ಮುಂದಕ್ಕೆ ನೂಕಿದ್ರೆ ನೆಲದಾಗೆ ಹೂತ್ಕತ್ತದೆ. ಹಿಂದೆ ಇಟ್ಕೊಂಡು ಎಳೀಬೇಕು." ಸ್ವಲ್ಪ ದಿನಕ್ಕೆ ಓದಿ ನೋಡಿದರೆ ಅವರು ಹಾಗೇ ಓಡಿಸುತ್ತಿದ್ದರು. ಅಪ್ಪನಿಗೆ ಹೇಳಿದೆ. ಅವನ ಮುಖ ಅರಳಿದ್ದನ್ನು ಆ ವರ್ಷದಲ್ಲಿ ನಾನು ನೋಡಿದ್ದು ಅದೊಂದೇ ಸಲ. ಬಂಡಿಗೆ ಅವನು 'ಕುಂಟ' ಎಂದು ಹೆಸರಿಟ್ಟ. ನಾನು ಶಾಲೆಯಿಂದ ಬಂದು ಬ್ಯಾಗು ಇಳಿಸುವಷ್ಟರಲ್ಲಿ, "ಕುಂಟ ಎಲ್ಲಿಗ್ ಬಂದ್ನಮ್ಮಣ್ಣಿ?" ಎಂದು ಕೇಳುತ್ತಿದ್ದ. ಆ ಹೊತ್ತಿಗೆ ಅಪ್ಪನೇ ಮನೆಯ ಬಾಗಿಲಿನಿಂದ ಗೇಟಿನ ತನಕ ನಡೆಯಲಾರದವನಾಗಿದ್ದ.

2007ರ ಬೇಸಿಗೆ ರಜೆಯಲ್ಲಿ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಆ ಸುದ್ದಿ ಓದಿದೆ. ಕುಂಟ ತನ್ನ ಕೆಟ್ಟ ಚಕ್ರವನ್ನು ಎಳೆದುಕೊಂಡು ಹೋಗುವಾಗ ಕೆಂಪು ಮಣ್ಣು ಉತ್ತಂತಾಗಿ, ಅಡಿಯಿಂದ ಅಚ್ಚ ಬಿಳಿಯ ಮಣ್ಣು ಮೇಲೆ ಬಂದಿತ್ತು. ಪರೀಕ್ಷೆ ಮಾಡಿದರೆ ಅದು ಹೆಚ್ಚುಕಡಿಮೆ ಸಿಲಿಕಾ. ವಿಜ್ಞಾನಿಗಳಿಗೆ ಸಂಭ್ರಮ. ಅಷ್ಟು ಸಿಲಿಕಾ ಒಂದೆಡೆ ಕೂಡಿಕೊಳ್ಳಬೇಕಾದರೆ ಅಲ್ಲಿ ಒಂದು ಕಾಲಕ್ಕೆ ನೀರಿರಲೇಬೇಕು, ಬಿಸಿನೀರಿನ ಬುಗ್ಗೆಯೇ ಇದ್ದಿರಬಹುದು, ಸಣ್ಣ ಜೀವಿಗಳು ಬದುಕಲು ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು ಎಂದಿತ್ತು. ಸಿಲಿಕಾ ಎಂಬ ಮಾತನ್ನು ನಾನು ಮೂರು ಸಲ ಓದಿದೆ. ಒಬ್ಬರ ಎದೆಯಲ್ಲಿ ಸಾವಾಗಿ ಕೂತದ್ದು ಇನ್ನೊಂದು ಗ್ರಹದಲ್ಲಿ ಜೀವದ ಸುಳಿವಾಗಿ ಸಿಕ್ಕಿತೆಂದು ಅವರು ಕುಣಿದಾಡುತ್ತಿದ್ದರು. ನನಗೆ ಅಳು ಬಂತು, ಅಲ್ಲೇ, ಆ ಪುಟ್ಟ ಕ್ಯಾಬಿನ್ನಿನಲ್ಲಿ. ಚಿತ್ರವನ್ನೂ ಸುದ್ದಿಯನ್ನೂ ಪ್ರಿಂಟ್ ತೆಗೆದು, ಸುದ್ದಿಯ ಕೆಳಗೆ ಕ್ಲಾಸಿಗೆಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಂಡು, ಅಪ್ಪನಿಗೆ ತೋರಿಸಬಾರದೆಂದು ಬ್ಯಾಗಿನ ತಳಕ್ಕೆ ತುರುಕಿದೆ.

ಮಾರನೆಯ ಬೆಳಿಗ್ಗೆ ಅಪ್ಪ ಆ ಬ್ಯಾಗಿನಲ್ಲಿ ಪೆನ್ನು ಹುಡುಕಿದನಂತೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆ ಹಾಳೆ ಅವನ ತೊಡೆಯ ಮೇಲಿತ್ತು.

"ನನ್ನ ಎದೇಲಿರೋದೇ ಅಲ್ವಾ ಇದು?" ಅಂದ. ದನಿಯಲ್ಲಿ ದುಃಖವಿರಲಿಲ್ಲ, ಬೆರಗಿತ್ತು.

"ಹೂಂನಪ್ಪ."

"ಅಲ್ಲಿ ನೀರಿತ್ತು ಅಂತ ಇದರಿಂದ ತಿಳೀತಾ?"

"ಹೂಂ. ನೀರು ಹೊತ್ಕೊಂಡ್ ಬಂದು ಕೂರಿಸಿದ್ದು."

ಅವನು ಆ ಬಿಳಿಯ ಗೀರಿನ ಮೇಲೆ ಬೆರಳಾಡಿಸಿದ. ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕಾಗಿದ್ದರಿಂದ ಅವನ ಮಾತು ತುಂಡು ತುಂಡಾಗಿ ಬರುತ್ತಿತ್ತು. "ನೀರಿದ್ರೆ ನೆಲದಾಗೆ ಕೂತ್ಕತ್ತದೆ. ನೀರಿಲ್ದಿದ್ರೆ ಎದ್ದು ಎದೆಗೋಯ್ತದೆ. ಇಷ್ಟೇ. ಇಷ್ಟೇ ಅಲ್ವಾ ಅಮ್ಮಣ್ಣಿ? ನಂಗೆ ಗೊತ್ತಿರ್ಲಿಲ್ಲ ಅಂತಲ್ಲ. ಗೆರೆ ಕೆಡ್ತದೆ ಅಂತ ಸುಮ್ಕಿದ್ದೆ." ಸ್ವಲ್ಪ ಸುಧಾರಿಸಿಕೊಂಡು, "ಆಟೋ ಕರಿ," ಅಂದ.

ನಾನು ಬೇಡವೆಂದೆ. ಡಾಕ್ಟರ ಹೆಸರು ಹೇಳಿ ಹೆದರಿಸಿದೆ. ಅವನು ಅಂಗಿ ಹಾಕಿಕೊಂಡು ಹೊಸಲಿನ ಮೇಲೆ ಕೂತುಬಿಟ್ಟ. ಕೊನೆಗೆ ಆಟೋ ಕರೆದೆ. ಆಗ ಬೆಳಿಗ್ಗೆ ಹನ್ನೊಂದಿರಬೇಕು. ಬೇರಿಕೆ ರಸ್ತೆಯ ಹೊಂಡಗಳಿಗೆ ಆಟೋ ಎತ್ತಿಹಾಕಿದಾಗಲೆಲ್ಲ ಅವನ ಕಣ್ಣು ಮುಚ್ಚಿಹೋಗುತ್ತಿತ್ತು, ನನ್ನ ಕೈಯನ್ನು ಮಾತ್ರ ಬಿಗಿಯಾಗಿ ಹಿಡಿದಿದ್ದ.

ನಾನು ಆ ಶೆಡ್ಡಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ತಗಡಿನ ಸೂರಿನ ಸಂದುಗಳಿಂದ ಬಿಸಿಲಿನ ಕೋಲುಗಳು ಇಳಿದಿದ್ದವು, ಅವುಗಳ ತುಂಬ ಧೂಳು ಆಡುತ್ತಿತ್ತು. ಕೆಲಸದವರ ರೆಪ್ಪೆ, ಹುಬ್ಬು, ಕಿವಿಯ ಮೇಲಿನ ರೋಮ ಎಲ್ಲ ಬಿಳಿ. ಮೂಗಿಗೆ ಟವೆಲು ಕಟ್ಟಿಕೊಂಡಿದ್ದರು. ಹತ್ತು ಹನ್ನೆರಡು ನಲ್ಲಿಗಳಲ್ಲಿ ಒಂದರಲ್ಲೂ ನೀರು ಬರುತ್ತಿರಲಿಲ್ಲ. ಅಪ್ಪನನ್ನು ಕಂಡು ಒಂದೊಂದೇ ಗ್ರೈಂಡರ್ ನಿಂತವು. ತಮ್ಮ ಎದ್ದು ಬಂದ. ಅಪ್ಪ ಅವನನ್ನು ದಾಟಿಕೊಂಡು, ನನ್ನ ಹೆಗಲು ಹಿಡಿದೇ ಅವನ ಜಾಗಕ್ಕೆ ಹೋಗಿ, ಬಗ್ಗಿ ನಲ್ಲಿ ತಿರುಗಿಸಿದ. ಅದು ತುಕ್ಕು ಹಿಡಿದು ಬಿಗಿದಿತ್ತು. ಎರಡೂ ಕೈ ಹಾಕಿದ. ಕೊನೆಗೆ ಪೈಪಿನಿಂದ ಕೆಂಪು ನೀರು ಬಂತು, ಆಮೇಲೆ ತಿಳಿನೀರು.

"ನಾನು ಹೇಳ್ಕೊಟ್ಟಿದ್ದು ತಪ್ಪು ಕಣ್ರಪ್ಪ," ಅಂದ. ಎಲ್ಲರಿಗೂ ಕೇಳುವಷ್ಟು ದನಿ ಅವನಲ್ಲಿರಲಿಲ್ಲ. ಹತ್ತಿರದಲ್ಲಿದ್ದ ಒಬ್ಬ ಹಳಬ ಅದನ್ನೇ ತೆಲುಗಿನಲ್ಲಿ ಆಚೆಯವರಿಗೆ ಹೇಳಿದ. "ಗೆರೆ ಕಾಣ್ಲಿ ಅಂತ ನೀರು ನಿಲ್ಲಿಸ್ದೆ. ನನ್ನ ನೋಡಿ ನೀವೂ ನಿಲ್ಲಿಸಿದ್ರಿ." ಆಮೇಲೆ ತಮ್ಮನ ಕಡೆ ತಿರುಗಿದ. "ಅವ್ರಿಗೆ ಮಂಗಳದಾಗೆ ನೀರಿಲ್ಲ ಕಣ್ಲಾ, ಅದಕ್ಕೇ ಒಣಗ್ಲು ತೀಡ್ತಾವ್ರೆ. ತೀಡೋದೂ ಮಿಷಿನ್ನು, ಅದಕ್ಕೆ ಎದೆಗೂಡಿಲ್ಲ. ನಿಂಗೆ ನೀರೂ ಐತೆ, ಎದೆನೂ ಐತೆ. ಬಿಟ್ಕೊಂಡು ತೀಡ್ಲಾ."

ತಮ್ಮ ತಲೆ ತಗ್ಗಿಸಿ ನಿಂತಿದ್ದ. ಕೆಲಸದವರ ಮುಂದೆ ಅಪ್ಪ ಹೀಗೆ ತನ್ನ ಹೆಸರನ್ನು ತಾನೇ ಅಳಿಸಿಕೊಂಡದ್ದು ಅವನಿಗೆ ತಡೆಯಲಾಗಲಿಲ್ಲವೆಂದು ಕಾಣುತ್ತದೆ. "ಸರಿ ನಡಿಯಪ್ಪ, ಬಿಟ್ಕೋತೀನಿ," ಅಂದ. ನಾವು ಗೇಟು ದಾಟುವಾಗ ತಿರುಗಿ ನೋಡಿದೆ. ನೀರು ಬಿಟ್ಟುಕೊಂಡೇ ತೀಡುತ್ತಿದ್ದ. ಎಷ್ಟೋ ದಿನದ ಮೇಲೆ ನನ್ನ ಎದೆ ಹಗುರಾಯಿತು.

ಜುಲೈಯಲ್ಲಿ ಮಂಗಳದ ಮೇಲೆ ದೊಡ್ಡ ಧೂಳಿನ ಬಿರುಗಾಳಿ ಎದ್ದು ಸೂರ್ಯನೇ ಮುಚ್ಚಿಹೋದ. ಬಿಸಿಲಿನಿಂದ ಓಡುವ ಬಂಡಿಗಳು ಅವು. ಅಪ್ಪನಿಗೆ ಆಗ ಮನೆಯಲ್ಲೇ ಆಕ್ಸಿಜನ್ ಸಿಲಿಂಡರ್ ಇಟ್ಟಿದ್ದೆವು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಸ್ಟೂಲಿನ ಮೇಲೆ ದಿಂಬಿಟ್ಟು, ಅದರ ಮೇಲೆ ತಲೆಯಿಟ್ಟು ಕೂತೇ ಇರುತ್ತಿದ್ದ. ಒಂದು ಸಂಜೆ ಮೂಗಿನ ಕೊಳವೆಯನ್ನು ಸರಿಸಿ, "ಕುಂಟ ಹೆಂಗವ್ನೆ?" ಎಂದು ಕೇಳಿದ. ನಾನು ವಿಜ್ಞಾನದ ಟೀಚರ್, ಇದ್ದದ್ದನ್ನು ಇದ್ದಂತೆ ಹೇಳುವವಳು, ಅದರ ಜಂಬ ಬೇರೆ. "ಧೂಳು ಮುಚ್ಕೊಂಡೈತಂತಪ್ಪ. ಮಾತಾಡೋದೂ ಕಮ್ಮಿ ಮಾಡೈತಂತೆ. ಉಳಿಯೋದು ಕಷ್ಟ ಅಂತವ್ರೆ," ಅಂದೆ. ಅಪ್ಪ ತಲೆಯಾಡಿಸಿ ಕೊಳವೆಯನ್ನು ಮತ್ತೆ ಮೂಗಿಗೆ ಇಟ್ಟುಕೊಂಡ. ಆಮೇಲೆ ಅವನು ಕುಂಟನ ಸುದ್ದಿ ಕೇಳಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ನಾನು ಗಂಜಿ ಆರಿಸುತ್ತಿದ್ದಾಗ, ದಿಂಬಿನ ಮೇಲಿದ್ದ ತಲೆ ಪಕ್ಕಕ್ಕೆ ಹೊರಳಿತು.

ಬಿರುಗಾಳಿ ನಿಂತಿತು. ಬಂಡಿಗಳು ಎರಡೂ ಉಳಿದುಕೊಂಡವು. ಪೇಪರಿನಲ್ಲಿ ಅದನ್ನು ಓದಿ ನನಗಾದ ಸಂಕಟವನ್ನು ಹೇಗೆ ಹೇಳಲಿ. ಒಂದು ಸುಳ್ಳು ಹೇಳಲಾಗದೆ ಹೋಯಿತಲ್ಲ ನನ್ನ ಬಾಯಿಗೆ, ಅದೂ ಕೊನೆಗೆ ಸುಳ್ಳೇ ಆಗದಿದ್ದ ಸುಳ್ಳು. ಆಮೇಲೆ ನಾನು ಬ್ರೌಸಿಂಗ್ ಸೆಂಟರಿಗೆ ಹೋಗುವುದನ್ನು ನಿಲ್ಲಿಸಿದೆ. ಕ್ಲಾಸಿನ ಗೋಡೆಯ ಚಿತ್ರಗಳು ಅಂಟು ಬಿಟ್ಟು ಉದುರಿದವು, ಹೊಸತು ಅಂಟಿಸಲಿಲ್ಲ.

ನನಗೆ ಉಳಿದದ್ದು ತಮ್ಮ. ಅವನು ಹೇಳಿದ್ದನ್ನು ಸುಮ್ಮನೆ ನಂಬುವ ಪೈಕಿ ನಾನಲ್ಲ. ಅವನ ಬಟ್ಟೆ ಒಗೆಯುತ್ತಿದ್ದವಳು ನಾನೇ. ಒಣಗಲ್ಲು ತೀಡಿದರೆ ಬಟ್ಟೆಯಲ್ಲಿ ಪುಡಿ ಇರುತ್ತದೆ, ಕೊಡವಿದಾಗ ಹೊಗೆಯಂತೆ ಏಳುತ್ತದೆ. ನೀರು ಬಿಟ್ಟು ತೀಡಿದರೆ ಬಗ್ಗಡ ಹಾರಿ ಪ್ಯಾಂಟಿನ ಮೊಣಕಾಲಿನ ಮೇಲೆ, ಅಂಗಿಯ ಹೊಟ್ಟೆಯ ಮೇಲೆ ಬೂದಿಬಣ್ಣದ ಹಕ್ಕಳೆಯಾಗಿ ಒಣಗಿರುತ್ತದೆ. ಪ್ರತಿ ಸಂಜೆ ಅವನು ಬಿಚ್ಚಿಹಾಕಿದ ಬಟ್ಟೆಯನ್ನು ಎತ್ತಿ ನೋಡುತ್ತಿದ್ದೆ. ಹಕ್ಕಳೆ ಇರುತ್ತಿತ್ತು. ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಉದುರುತ್ತಿತ್ತು. ನೀರಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ದೂರದ ಗ್ರಹದ ಬಿಳಿ ಮಣ್ಣು ನೋಡಿ ನೀರಿತ್ತು ಎಂದು ಹೇಳುವವರ ಜಾಣತನವೇ ನನ್ನದೂ ಎಂದು ಒಳಗೊಳಗೇ ಬೀಗುತ್ತಿದ್ದೆ. ಹೀಗೆ ಹತ್ತಿರಹತ್ತಿರ ಎರಡು ವರ್ಷ ನೆಮ್ಮದಿಯಾಗಿ ಬಟ್ಟೆ ಒಗೆದೆ.

ಈ ನಡುವೆ ತಮ್ಮ ಅಪ್ಪನ ಹಾಗೇ ಸಂಜೆ ಅರ್ಧ ಉಂಡೆ ಬೆಲ್ಲ ತರತೊಡಗಿದ್ದ. ನಾನು ಕೇಳಿರಲಿಲ್ಲ. ತಂದು ತಾನೇ ಅಡುಗೆಮನೆಯ ಡಬ್ಬಿಗೆ ಹಾಕಿ, "ಅಕ್ಕ, ಬೆಲ್ಲ ಐತೆ," ಎನ್ನುತ್ತಿದ್ದ. ಕಾಫಿಗೆ ನಾನು ಅದನ್ನೇ ಹಾಕುತ್ತಿದ್ದೆ.

2009ರ ಜೂನಿನಲ್ಲಿ ಒಂದು ಸಂಜೆ ಅವನು ಜ್ವರ ಬಂದು ಬೇಗ ಮನೆಗೆ ಬಂದ. ಅಂಗಿ ಬಿಚ್ಚಿ ಎಸೆದು ಹಾಗೇ ಮಲಗಿಬಿಟ್ಟ. ಅಂಗಿಯ ಹೊಟ್ಟೆಯ ಮೇಲೆ ಬಗ್ಗಡ ಇನ್ನೂ ಹಸಿಯಾಗಿತ್ತು. ನೆನೆಹಾಕುವ ಮೊದಲು ಜೇಬಿಗೆ ಕೈ ಹಾಕಿದೆ. ಬೆಲ್ಲದ ಪೊಟ್ಟಣ ಅಲ್ಲೇ ಇತ್ತು, ಡಬ್ಬಿಗೆ ಹಾಕಲು ಮರೆತಿದ್ದ. ಬಿಚ್ಚಿದೆ. ಪೇಪರಿನ ಮಡಿಕೆ ಮಡಿಕೆಯಲ್ಲೂ ಬಿಳಿ ಪುಡಿ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು, ಪೂರ್ತಿ ಒಣಗಿದ್ದು. ಜೇಬನ್ನು ಒಳಗು ಹೊರಗು ಮಾಡಿದೆ. ಹೊಲಿಗೆಯ ಸಂದಿನಲ್ಲೆಲ್ಲ ಪುಡಿ. ಕಾಲರಿನ ಮಡಿಕೆ ಬಿಡಿಸಿದೆ, ಅಲ್ಲೂ ಪುಡಿ. ದಿನವೆಲ್ಲ ನೀರು ಹಾರಿದ ಅಂಗಿಯ ಜೇಬು ಹೀಗೆ ಒಣಗಿರುವುದಿಲ್ಲ. ಬಗ್ಗಡ ಮೇಲೆ ಮಾತ್ರ ಇತ್ತು, ಅಂಗೈಯಗಲಕ್ಕೆ. ಹತ್ತಿರ ಹಿಡಿದು ನೋಡಿದೆ. ಅದರಲ್ಲಿ ಬೆರಳುಗಳ ಗುರುತು ಸ್ಪಷ್ಟವಾಗಿತ್ತು.

ನಾನು ಆ ಅಂಗಿಯನ್ನು ಹಿಡಿದುಕೊಂಡೇ ಅವನ ಹತ್ತಿರ ಹೋಗಿ ಕೂತೆ. ಪೊಟ್ಟಣವನ್ನು ಅವನ ಮುಂದೆ ಇಟ್ಟೆ. ಅವನು ಅಂಗಿ ನೋಡಿದ, ಪೊಟ್ಟಣ ನೋಡಿದ, ಗೋಡೆಯ ಕಡೆ ಮುಖ ತಿರುಗಿಸಿದ.

"ಪಾಲಿಶ್ ಮಿಷಿನ್ ಕೆಳಗೆ ತೊಟ್ಟಿ ಐತೆ. ಬಟ್ಟೆ ಪುಡಿ ಕೊಡವ್ಕೊಂಡು, ಅದ್ರಾಗೆ ಕೈ ಅದ್ದಿ ಬಳ್ಕೊಂಡು ಬತ್ತಿದ್ದೆ," ಅಂದ.

"ಎಷ್ಟು ದಿನದಿಂದ?"

"ಅಪ್ಪ ಹೋದಾಗಿಂದ."

"ಯಾಕೋ?"

"ನೀರು ಬಿಟ್ರೆ ಅಪ್ಪನ ಗೆರೆ ಬರಲ್ಲಕ್ಕ. ಒಂದ್ ತಿಂಗಳು ನೋಡ್ದೆ. ಬರ್ಲೇ ಇಲ್ಲ. ಈಗ ಶೆಡ್ಡಲ್ಲಿ ಆ ಗೆರೆ ಬರೋದು ನನ್ ಕೈಯಾಗೆ ಮಾತ್ರ. ನಾನೂ ಬಿಟ್ರೆ ಅದು ಹೋಗ್ಬುಡ್ತದೆ."

ಅಪ್ಪ ಉಸಿರು ಕಟ್ಟಿಕೊಂಡು ಬಂದು ಅಳಿಸಿಹಾಕಿದ್ದ ಗೆರೆಯನ್ನು ಇವನು ಎರಡು ವರ್ಷದಿಂದ ತನ್ನ ಎದೆ ಕೊಟ್ಟು ಕಾಪಾಡಿಕೊಂಡು ಬಂದಿದ್ದ. ಅಕ್ಕ ಹೆದರದಿರಲಿ ಎಂದು ದಿನಾ ಸಂಜೆ ತೊಟ್ಟಿಗೆ ಕೈ ಅದ್ದಿ ಅಂಗಿಗೆ ಬಳಿದುಕೊಂಡಿದ್ದ. ನಾನು ದಿನಾ ಅದನ್ನು ಕೆರೆದು ನೋಡಿ ಸಂತೋಷಪಟ್ಟಿದ್ದೆ. ಗುರುತು ಒಂದನ್ನು ನೋಡಿ, ನೀರನ್ನು ನೋಡದೆ ಬಿಟ್ಟಿದ್ದೆ. ಬೇರಿಕೆಗೆ ಬಸ್ಸು ಹತ್ತಿದರೆ ಎಷ್ಟು ಹೊತ್ತಿನ ದಾರಿ? ಒಂದು ದಿನ, ಒಂದೇ ಒಂದು ದಿನ ಹೋಗಿ ಆ ನಲ್ಲಿಯನ್ನು ಕಣ್ಣಾರೆ ನೋಡಿಬರಬಾರದಾಗಿತ್ತೇ.

"ಕೆಮ್ಮು ಬತ್ತಾ ಐತಾ?" ಎಂದು ಕೇಳಿದೆ.

"ಬೆಳಗ್ಗೆ ಹೊತ್ತು ಸ್ವಲ್ಪ," ಅಂದ. ಆಮೇಲೆ, "ಬೆಲ್ಲ ತಿಂತೀನಿ," ಎಂದು ಸೇರಿಸಿದ.

ಮಾರನೆಯ ದಿನವೇ ಅವನನ್ನು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಕ್ಸ್‌ರೇ ತೆಗೆಸಿದೆವು. ಕವರಿನಲ್ಲಿ ಹಾಕಿ ಕೊಟ್ಟರು, ಡಾಕ್ಟರಿಗೆ ಕೊಡಿ ಎಂದರು. ನನಗೆ ಅಷ್ಟು ತಾಳ್ಮೆಯಿರಲಿಲ್ಲ. ವರಾಂಡದಲ್ಲೇ ಕವರಿನಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ದೂರದ ಗ್ರಹದ ಚಿತ್ರದಲ್ಲಿ ಬಿಳಿಯನ್ನು ನೋಡಿ ನೀರಿತ್ತೆಂದು ನಂಬಿದ ಕಣ್ಣುಗಳು ಇವು. ಬಿಳಿ ಇಲ್ಲದಿರಲಿ, ಒಂದು ಚುಕ್ಕಿಯೂ ಇಲ್ಲದಿರಲಿ ಎಂದು ಅವತ್ತು ಯಾವ ದೇವರನ್ನು ಬೇಡಿಕೊಂಡೆನೋ ಗೊತ್ತಿಲ್ಲ. ಎರಡೂ ಕಡೆ, ಮೇಲುಭಾಗದಲ್ಲಿ, ರವೆ ಚೆಲ್ಲಿದಂತೆ ಇತ್ತು. ಅಪ್ಪನಷ್ಟು ದಟ್ಟವಾಗಿರಲಿಲ್ಲ. ಅಪ್ಪನ ಎಕ್ಸ್‌ರೇ ತೆಗೆದಾಗ ಅವನಿಗೆ ಐವತ್ತು ದಾಟಿತ್ತು, ಇವನಿಗಿನ್ನೂ ಇಪ್ಪತ್ತೇಳು.

ತಮ್ಮ ಬೆಂಚಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ. ನಾನು ಫಿಲ್ಮನ್ನು ಕವರಿಗೆ ಹಾಕಿ ಅವನ ಪಕ್ಕದಲ್ಲಿ ಕೂತೆ. ಏನಿದೆ ಎಂದು ಅವನು ಕೇಳಲಿಲ್ಲ. ಒಳಗಿನಿಂದ ನಮ್ಮನ್ನು ಕರೆಯಲು ಇನ್ನೂ ನಾಲ್ಕು ಜನರ ಸರದಿ ಇತ್ತು. ಎದುರಿಗೆ ಯಾರೋ ಅವತ್ತಿನ ಪೇಪರ್ ಬಿಟ್ಟುಹೋಗಿದ್ದರು. ಮಂಗಳದ ಬಂಡಿ ಒಂದು ತಿಂಗಳಿಂದ ನುಣ್ಣನೆಯ ಮರಳಿನಲ್ಲಿ ಹೂತುಹೋಗಿ, ಚಕ್ರ ತಿರುಗಿಸಿದಷ್ಟೂ ಇನ್ನಷ್ಟು ಆಳಕ್ಕೆ ಇಳಿಯುತ್ತಿದೆ ಎಂದು ಮೂಲೆಯಲ್ಲಿ ಸಣ್ಣ ಸುದ್ದಿ ಬಂದಿತ್ತು. ನಾನು ಓದುತ್ತಿದ್ದುದನ್ನು ಅವನು ನೋಡಿದ. ಮೇಲಿದ್ದ ಚಿತ್ರದ ಗುರುತು ಅವನಿಗೆ ಸಿಕ್ಕಿತು.

"ಅ‌ಪ್ಪನ ಕುಂಟ ಅಲ್ವಾ ಅಕ್ಕ? ಹೆಂಗವ್ನೆ ಈಗ?"

ನಾನು ಪೇಪರನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡೆ.

"ಮರಳಾಗೆ ಸಿಕ್ಕಾಕ್ಕೊಂಡಿದ್ನಂತೆ. ಈಚೆಗ್ ಬಂದವ್ನೆ," ಅಂದೆ. "ಓಡಾಡ್ತಾವ್ನಂತೆ ಈಗ, ಚೆನ್ನಾಗವ್ನಂತೆ."